ಕುಸುಮಾ ಮೇಡಂ ಮತ್ತು ಆರು ಪರಮಾಣುಗಳು

ಮೂಡಿಗೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಕುಸುಮಾ ಮೇಡಂ ಮೂರು ವರ್ಷದ ಬಿಡುವನ್ನೆಲ್ಲ ಆರು ಪರಮಾಣುಗಳಿಗೆ ಕೊಟ್ಟರು. ಪುಟ್ಟ ಅಯಸ್ಕಾಂತಗಳಂತೆ ಸಾಲಾಗಿ ನಿಂತ ಆ ಪರಮಾಣುಗಳು ಒಂದನ್ನೊಂದು ಎಳೆದಾಡಿದರೆ ಮೂರನೆಯದು ಮೇಲಕ್ಕೆ ಮುಖ ಮಾಡೀತೋ ಕೆಳಕ್ಕೋ ಎಂದು ಅಳೆಯುವ ಮೊದಲೇ ಹೇಳಬೇಕು, ಅದು ಅವರ ಹಟ. ಅದಕ್ಕೊಂದು ಕ್ವಾಂಟಂ ಅಲ್ಗಾರಿದಮ್ ಬರೆದು, ದೂರದೇಶದ ಕ್ವಾಂಟಂ ಕಂಪ್ಯೂಟರಿಗೆ ಇಂಟರ್ನೆಟ್ಟಿನಲ್ಲಿ ಕಳಿಸಿ, ಸರದಿ ಕಾಯುತ್ತಿದ್ದರು. ಆ ಯಂತ್ರ ಒಂದು ಸಲಕ್ಕೆ ‘ಮೇಲೆ’ ಅಥವಾ ‘ಕೆಳಗೆ’ ಎನ್ನುತ್ತದೆ, ಅಷ್ಟೇ. ನಾಲ್ಕು ಸಾವಿರ ಸಲ ಓಡಿಸಿದ ಮೇಲೆ, ನೂರಕ್ಕೆ ಎಷ್ಟು ಸಲ ಮೇಲೆ ಎಂಬ ಅಂದಾಜು ಸಿಗುತ್ತದೆ. ಮೇಡಂ ಅವರ ಹಳೆಯ ಲ್ಯಾಪ್‌ಟಾಪ್ ಅದೇ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ, ಎಪ್ಪತ್ತೊಂದು ಎಂದು ಖಚಿತವಾಗಿ ಹೇಳುತ್ತಿತ್ತು. ಅಲ್ಲಿಯವರೆಗೆ ಐವತ್ತು ದಾಟದಿದ್ದ ಕ್ವಾಂಟಂ ಯಂತ್ರ ಅರವತ್ತೆರಡು ಎಂದ ದಿನ, ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಸರಿಬಾತ್ ಹಂಚಿದರು.

‘ಅಳೆಯುವ ಮೊದಲೇ ಫಲ ಹೇಳುವ ಮೇಡಂ’ ಎಂದು ಪತ್ರಿಕೆಯಲ್ಲಿ ಬಂತು. ಗೋಣಿಬೀಡಿನ ಕಾಫಿ ಬೆಳೆಗಾರರ ಸಂಘದ ಅಧ್ಯಕ್ಷ ರಂಗನಾಥಗೌಡರು ಕರೆಸಿ ಶಾಲು ಹೊದಿಸಿ, “ಈ ಸಲ ಕಾಫಿ ಹೂ ಅರಳಿಸೋ ಹೂಮಳೆ ಯಾವಾಗ ಬರ್ತದೆ, ಅದೊಂದು ಹೇಳಿಬಿಡಿ ಮೇಡಂ” ಎಂದರು.

“ನಂಗೆ ಗೊತ್ತಿರೋದು ಆರು ಪರಮಾಣು ಮಾತ್ರ ಗೌಡ್ರೆ. ಅದೂ ಒಂದೇ ಸಲ ಅಳೆದ್ರೆ ನಂಬೋ ಹಾಗಿಲ್ಲ. ತುಂಬ ಸಲ ಅಳೀಬೇಕು.”

ಸಭೆಗೆ ನಿರಾಸೆಯಾಯಿತು. ಎರಡೆಕರೆ ಕಾಫಿಯ ಶಂಕರಮ್ಮ ಮಾತ್ರ ಹಿಂದಿನ ಸಾಲಿನಿಂದ ಎದ್ದರು. “ಹಾಗಾದ್ರೆ ವ್ಯಾಪಾರಿ ನನ್ನ ಮೂಟೆಗೆ ತೇವದ ಮೀಟರ್ ಒಂದೇ ಸಲ ಹಿಡಿದು, ಬೀಜ ಹಸಿ ಅಂತ ವಾಪಸ್ ಕಳಿಸಿದ್ನಲ್ಲ, ಅದು ಸರಿಯಾ?”

ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನಲು ಹೊರಟ ಮೇಡಂ, ಆಕೆಯ ಮುಖ ನೋಡಿ, “ಸರಿಯಲ್ಲಮ್ಮ. ಮೂಟೆಯ ಹತ್ತು ಕಡೆಯಿಂದ ಬೀಜ ತೆಗೆದು ಅಳೀಬೇಕು” ಎಂದುಬಿಟ್ಟರು.

ಮರುದಿನವೇ ಶಂಕರಮ್ಮ ಅದೇ ಮೂಟೆ ಹೊರಿಸಿಕೊಂಡು ಹೋಗಿ, “ಹತ್ತು ಸಲ ಅಳಿ. ಕ್ವಾಂಟಂನಲ್ಲಿ ಹಾಗೇ ಇದೆ” ಎಂದು ಪಟ್ಟು ಹಿಡಿದು ಕೂತರು. ಅರ್ಥವಾಗದ ಮಾತಿನೊಡನೆ ಜಗಳವೇಕೆಂದು ವ್ಯಾಪಾರಿ ಅಳೆದ. ಸರಾಸರಿ ಸರಿಯಾಗಿಯೇ ಬಂತು, ಮೂಟೆ ಒಳಗೆ ಹೋಯಿತು. ಆಮೇಲೆ ಪ್ರತಿ ಭಾನುವಾರ ತೇವ ಅಳೆಸಿಕೊಳ್ಳಲು ಮೇಡಂ ಮನೆಯ ಜಗಲಿಗೆ ಊರವರ ಕಾಫಿ ಮೂಟೆಗಳು ಬರತೊಡಗಿದವು. ಮೊದಮೊದಲು ಸಿಡುಕುತ್ತಿದ್ದ ಮೇಡಂ, ಆಮೇಲೆ ತಾವೇ ಒಂದು ಮೀಟರ್ ತರಿಸಿಕೊಂಡರು.

ಮುಂದಿನ ವರ್ಷ ಅವರ ಸಂಶೋಧನಾ ಲೇಖನ ಅಚ್ಚಾಯಿತು. ಊರಿನಲ್ಲಿ ಅದರ ಬಗ್ಗೆ ವಿಚಾರಿಸಿದವರು ಶಂಕರಮ್ಮ ಒಬ್ಬರೇ.

“ಯಾರ ತೋಟದ್ದು ಅಳೆದು ಬರೆದ್ರಿ?”

“ತೋಟದ್ದಲ್ಲಮ್ಮ, ಬರೀ ಪರಮಾಣು.”

“ಪರ್ವಾಗಿಲ್ಲ ಬಿಡಿ,” ಎಂದರು ಶಂಕರಮ್ಮ, “ಎಲ್ರೂ ಸಣ್ಣದ್ರಿಂದ್ಲೇ ಶುರು ಮಾಡೋದು.”