ಬೀಗವಿಲ್ಲದ ನಕ್ಷೆ

ಸೌದಿಯ ಜುಬೈಲಿನ ಒಂದು ಗುತ್ತಿಗೆ ಕಂಪೆನಿಯಲ್ಲಿ ಹೆರಾಲ್ಡ್ ಕಂಪ್ಯೂಟರಿನಲ್ಲಿ ನೀರಿನ ನಕ್ಷೆ ಬರೆಯುವವನು. ಸಮುದ್ರದ ನೀರನ್ನು ಸಿಹಿ ಮಾಡಿ ಒಳನಾಡಿಗೆ ಒಯ್ಯುವ ಕೊಳವೆ ನೆಲದಡಿ ಎಲ್ಲಿ ತಿರುಗುತ್ತದೆ, ವಾಲ್ವ್ ಎಲ್ಲಿದೆ, ಕಾವಲು ಎಲ್ಲಿಲ್ಲ, ಎಲ್ಲವೂ ಅದರಲ್ಲಿದೆ. ಕೇಡಿಗನ ಕೈಗೆ ಸಿಕ್ಕರೆ ಒಂದಿಡೀ ಊರಿನ ನಲ್ಲಿ ಒಣಗೀತು. ಹಾಗಾಗಿ ಹೆಂಡತಿ ಲವಿನಾ ಕೇಳಿದರೂ ಅವನು ಬಾಯಿ ಬಿಟ್ಟವನಲ್ಲ.

ಮ್ಯಾನೇಜರ್ ಡೆಲ್ವಿನ್ ಬೇರೆಯೇ ಗಿರಾಕಿ. ಅತಿಥಿಗಳೆದುರು ಮೊಬೈಲಿನಲ್ಲಿ ನಕ್ಷೆ ತೋರಿಸಿ ಮೆರೆಯುವ ಚಟ. ಪಾಸ್‌ವರ್ಡ್ ನೆನಪಿಡಲು ಸೋಮಾರಿತನ. ಅದನ್ನು ತೆಗೆದುಬಿಡು ಎಂದ. ನಕ್ಷೆ ಇರುವುದು ಇಂಟರ್ನೆಟ್ಟಿನಲ್ಲಿ, ತೆಗೆದರೆ ಲೋಕಕ್ಕೆಲ್ಲ ಕಾಣುತ್ತದೆ ಎಂದು ಹೆರಾಲ್ಡ್ ಬಿಡಿಸಿ ಹೇಳಿದ. ಬೇಕೇ ಬೇಕೆಂದರೆ ಬರೆದು ಕೊಡಿ ಎಂದೂ ಕೇಳಿದ.

“ಎಂತ ಮಾರಾಯ, ನಮ್ಮೂರಿನವರ ಮಧ್ಯೆ ಇ-ಮೇಲ್ ಎಂತಕ್ಕೆ?”

ಡೆಲ್ವಿನ್ ಕಲ್ಯಾಣಪುರದವ, ಹೆರಾಲ್ಡ್ ಶಿರ್ವದವ, ಇಬ್ಬರೂ ಕರಾವಳಿಯವರು. ವೀಸಾ ಕೊಡಿಸಿದ್ದೂ ಡೆಲ್ವಿನನೇ. ಊರಿನವನ ಬಾಯಿಮಾತಿಗೆ ಬರಹ ಕೇಳಿದರೆ ಅವಮಾನ ಮಾಡಿದಂತೆ ಎಂಬ ನಮ್ಮವರ ಹಾಳು ದಾಕ್ಷಿಣ್ಯ. ಹೆರಾಲ್ಡ್ ಪಾಸ್‌ವರ್ಡ್ ತೆಗೆದ.

ಒಂದು ಸಂಜೆ, ಮನೆ ಕೆಳಗಿನ ಅಂಗಡಿಯ ಉಳ್ಳಾಲದ ರಝಾಕ್ ಮೊಬೈಲನ್ನು ಅವನ ಮುಂದೆ ಹಿಡಿದ. ಎದುರಿನ ರಸ್ತೆ ಯಾಕೆ ಅಗೆಯುತ್ತಿದ್ದಾರೆಂದು ಹುಡುಕಿದವನಿಗೆ ಇಡೀ ನಕ್ಷೆಯೇ ಸಿಕ್ಕಿತ್ತು.

“ಕೆಳಗೆ ನಿಮ್ಮದೇ ಹೆಸರು ಉಂಟಲ್ಲ ಹೆರಾಲ್ಡಣ್ಣ?”

ಹೆರಾಲ್ಡ್ ಅಲ್ಲಿಂದಲೇ ಡೆಲ್ವಿನ್‌ಗೆ ಫೋನ್ ಮಾಡಿ, ಈಗಲೇ ಮುಚ್ಚುತ್ತೇನೆಂದ. ನಾಳೆ ದೊಡ್ಡವರು ಬರುತ್ತಾರೆ, ಅವರು ಹೋಗಲಿ ಎಂಬ ಉತ್ತರ ಬಂತು. ಈ ದೇಶದಲ್ಲಿರಲು ಬೇಕಾದ ಇಕಾಮಾ ನವೀಕರಣಕ್ಕೆ ಡೆಲ್ವಿನನ ಸಹಿಯೇ ಆಗಬೇಕು. ಹೆರಾಲ್ಡ್ ನಕ್ಷೆಯನ್ನು ತೆರೆದೇ ಬಿಟ್ಟ.

ಬಂದ ದೊಡ್ಡವರಲ್ಲಿ ಒಬ್ಬರು ಭದ್ರತೆ ನೋಡುವ ಅಧಿಕಾರಿ. ಡೆಲ್ವಿನ್ ಮೊಬೈಲಿನಲ್ಲಿ ನಕ್ಷೆ ತೋರಿಸಿದಾಗ, ಪಾಸ್‌ವರ್ಡ್ ಇಲ್ಲದೆ ಇದು ಹೇಗೆ ತೆರೆಯಿತು ಎಂದು ಕೇಳಿದರು. ಡೆಲ್ವಿನ್ ಹೆರಾಲ್ಡನತ್ತ ಬೆರಳು ತೋರಿಸಿದ.

“ತೆರೆದಿಟ್ಟದ್ದು ಇವನೇ. ನನಗೆ ಗೊತ್ತೇ ಇರಲಿಲ್ಲ.”

ಮೊನ್ನೆಯಷ್ಟೇ ಲವಿನಾ ಬಡಿಸಿದ ಮೀನು ಗಸಿ ಉಂಡು ಹೋದವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಥೂ, ಇದೂ ಒಂದು ಬಾಳೇ ಅನಿಸಿತು ಹೆರಾಲ್ಡನಿಗೆ.

ನಕ್ಷೆಗೆ ಮತ್ತೆ ಪಾಸ್‌ವರ್ಡ್ ಬಿತ್ತು. ಹೆರಾಲ್ಡನಿಗೆ ಎಚ್ಚರಿಕೆ ಸಿಕ್ಕಿತು. ಇನ್ನೊಂದು ತಪ್ಪಾದರೆ ವಿಮಾನ ಹತ್ತಬೇಕು. ‘ನಮ್ಮೂರಿನವರು’ ಎಂದು ಯಾರಾದರೂ ಅಂದರೆ ಸಾಕು, ಅವನಿಗೆ ವಾಕರಿಕೆ ಬರುತ್ತಿತ್ತು.

ಮರುವಾರ ಡೆಲ್ವಿನ್ ಫೋನ್ ಮಾಡಿದ. ಹೊಸ ಅತಿಥಿಗಳಿದ್ದಾರೆ, ನಕ್ಷೆ ತೆರೆಯುತ್ತಿಲ್ಲ, ಆ ಪಾಸ್‌ವರ್ಡ್ ಸ್ವಲ್ಪ ತೆಗೆ ಎಂದ, ಏನೂ ಆಗಿಲ್ಲವೆಂಬಂತೆ.

“ಅದನ್ನೇ ಇ-ಮೇಲ್‌ನಲ್ಲಿ ಬರೆದು ಕಳಿಸಿ ಸರ್,” ಎಂದ ಹೆರಾಲ್ಡ್. “ಆ ಅಧಿಕಾರಿಗೂ ಒಂದು ಕಾಪಿ ಹಾಕಿ.”

ಆ ಕಡೆ ಫೋನ್ ಕಟ್ಟಾಯಿತು. ಇ-ಮೇಲ್ ಬರಲಿಲ್ಲ. ಇಕಾಮಾದ ಸಹಿಯೂ ಬರಲಿಲ್ಲ.