ವನಿತಾಳ ಬಾವಿ, ಸತ್ಯವತಿ ಮಿಸ್ಸಿನ ಸಿಟ್ಟು

ಸತ್ಯವತಿ ಮಿಸ್ಸಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನಾನು, ಸುಬ್ರಮಣಿ, ಕೂಡ ಆಡಿಕೊಂಡವನೇ. ಆದರೆ 2013ರಲ್ಲಿ ಅವರಿಗೆ ಬಂದ ಸಿಟ್ಟು ನ್ಯಾಯವಾದದ್ದು. ಅದಕ್ಕೆ ಅರ್ಧ ಕಾರಣ ನನ್ನ ದಡ್ಡತನ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಹತ್ತೊಂಬತ್ತು ವರ್ಷದಿಂದ ಅವರು ಆರ್.ಟಿ. ನಗರದಲ್ಲಿ ಬಸ್ ಹತ್ತಿ, ನಡುವೆ ಇಳಿದು ಇನ್ನೊಂದು ಹಿಡಿದು, ಕೋಗಿಲು ದಾಟಿ ನಮ್ಮ ಶಾಲೆಗೆ ಬಂದು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದರು. ಅಂಗಡಿಯಿಂದ ಚಿತ್ರ ತಂದು ಚಾರ್ಟಿಗೆ ಅಂಟಿಸುವ ಪ್ರಾಜೆಕ್ಟ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಥೂ, ಮಕ್ಕಳ ಹೆಸರಲ್ಲಿ ಅಪ್ಪಂದಿರಿಗೆ ಮಾರ್ಕ್ಸ್ ಕೊಟ್ಟು ಸಾಕಾಯ್ತು ಕಣ್ರೀ" ಎನ್ನುತ್ತಿದ್ದರು. ಬೇಸಿಗೆ ತರಬೇತಿಯಲ್ಲಿ ವಿಕಿ, ಅಂದರೆ ಹಲವರು ಸೇರಿ ಕಂಪ್ಯೂಟರಿನಲ್ಲಿ ಪುಟ ಬರೆಯುವ ಪದ್ಧತಿ, ಕಲಿತು ಬಂದವರೇ ಒಂಬತ್ತನೇ ತರಗತಿಗೆ ಹೇಳಿದರು: "ಒಂದೊಂದು ಗುಂಪಿಗೆ ಒಂದೊಂದು ಪುಟ. ಎಲ್ಲರೂ ಸೇರಿ ಬರೀರಿ, ಒಬ್ಬರದ್ದನ್ನ ಒಬ್ಬರು ತಿದ್ದಿ. ಯಾರು ಎಷ್ಟು ಬರೆದ್ರು ಅಂತ ಹೆಸರು ಸಮೇತ ಅದರಲ್ಲೇ ಉಳಿಯುತ್ತೆ. ಮಿಷನ್ ಸುಳ್ಳು ಹೇಳಲ್ಲ."

ವನಿತಾಳ ಗುಂಪಿಗೆ ಬರೆಯಲು ಸಿಕ್ಕಿದ್ದು ಅವಳ ಊರಿನದೇ ಹಳೇ ಬಾವಿ. ಅವಳು ಅಜ್ಜಿ ಮುನಿಶಾಮಮ್ಮನ ಮುಂದೆ ಕೂತು ಎಲ್ಲ ಕೇಳಿಕೊಂಡು ಬಂದಳು. ಲ್ಯಾಬಿನಲ್ಲಿ ಐದು ಮಕ್ಕಳಿಗೆ ಒಂದು ಕಂಪ್ಯೂಟರ್. ಕರೆಂಟ್ ಹೋದರೆ ಯುಪಿಎಸ್ ಇಪ್ಪತ್ತು ನಿಮಿಷ ಬದುಕಿದರೆ ಹೆಚ್ಚು. ನಾನು ಮಹಾ ಬುದ್ಧಿವಂತನ ಹಾಗೆ, "ಬೇಗ ಟೈಪ್ ಮಾಡೋನು ಕೂತ್ಕೊಳ್ಳಲಿ, ಮಿಕ್ಕೋರು ಹಿಂದೆ ನಿಂತು ಹೇಳ್ರೋ" ಎಂದೆ. ಅದೇ ಗುಂಪಿನ ಅಭಿರಾಮ್ ತನ್ನ ಹೆಸರಲ್ಲಿ ಲಾಗಿನ್ ಆಗಿ ಕೂತ. ವನಿತಾ ಹಿಂದೆ ನಿಂತಳು.

ಅಂಕ ಕೊಡುವ ದಿನ ಹೆಡ್‌ಮಾಸ್ಟರ್ ಗುರುಪಾದಪ್ಪ ತಾವೇ ಬಂದು ಪುಟದ ಇತಿಹಾಸ, ಅಂದರೆ ಯಾರು ಎಷ್ಟು ಸಲ ಬರೆದರೆಂಬ ಪಟ್ಟಿ, ತೆಗೆಸಿದರು. ಅಭಿರಾಮ್ ನಲವತ್ತೊಂದು ಸಲ ಬರೆದಿದ್ದ. ವನಿತಾಳ ಹೆಸರೇ ಇಲ್ಲ.

"ನೀವೇ ಹೇಳಿದ್ದಲ್ವಾ ಮೇಡಂ, ಮಿಷನ್ ಸುಳ್ಳು ಹೇಳಲ್ಲ ಅಂತ? ಅವನಿಗೆ ಇಪ್ಪತ್ತು, ಇವಳಿಗೆ ಸೊನ್ನೆ."

ಆ ಇಪ್ಪತ್ತು ಅಂಕ ಹೋದರೆ ವನಿತಾ ಫೇಲ್. ಫೇಲಾದರೆ ಓದು ಬಿಡಿಸುವುದಾಗಿ ಅವಳಪ್ಪ ಸೊಣ್ಣಪ್ಪ ಮೊದಲೇ ಹೇಳಿಬಿಟ್ಟಿದ್ದ. ಹುಡುಗಿಯ ಮುಖ ಕಪ್ಪಿಟ್ಟಿತು.

"ಏನೂ ಮಾಡ್ಲಿಲ್ವೇನೇ ನೀನು?" ಎಂದು ಮಿಸ್ ಕೇಳಿದರು.

"ಎಲ್ಲಾ ನಾನೇ ಕೇಳ್ಕಂಡು ಬಂದಿದ್ದು ಮಿಸ್. ಅವ್ನು ಒತ್ತಿದ, ಅಷ್ಟೇ. ಅದೂ ತಪ್ಪೇ ಒತ್ತವ್ನೆ!" ಅವಳು ಪರದೆಯ ಮೇಲಿನ ಸಾಲು ತೋರಿಸಿದಳು. "ಊರೋರೆಲ್ಲಾ ಅದೇ ನೀರು ಸೇದ್ತಿದ್ರು ಅಂತ ಐತೆ. ನಮ್ಮಜ್ಜೀನ ಬಾವಿ ಅತ್ರಾನೇ ಬಿಡ್ತಿರ್ಲಿಲ್ಲ. ದೂರ ಕುಂತು ಕೊಡ ಒಡ್ಡಬೇಕಿತ್ತು, ಯಾರಾರ ಉಯ್ದ್ರೆ ನೀರು, ಇಲ್ದಿದ್ರೆ ಇಲ್ಲ. ಇಂಗೇ ಬರಿ ಅಂದೆ. ಅದೆಲ್ಲಾ ಬ್ಯಾಡ, ಚೆನ್ನಾಗಿರಲ್ಲ ಅಂದ."

ಮಿಸ್ ಅಭಿರಾಮನನ್ನು ಎಬ್ಬಿಸಿ, ವನಿತಾಳನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಹೆಸರಲ್ಲಿ ಲಾಗಿನ್ ಮಾಡಿಸಿದರು. "ಬರಿ. ಒಂದೇ ಬೆರಳಲ್ಲಾದ್ರೂ ಬರಿ. ಯಾವನು ಎಬ್ಬಿಸ್ತಾನೋ ನೋಡ್ತೀನಿ!"

ಅವಳು ಅಕ್ಷರ ಹುಡುಕಿ ಹುಡುಕಿ ನಾಲ್ಕು ಸಾಲು ಬರೆಯುವಷ್ಟರಲ್ಲಿ ಒಂದು ಪೀರಿಯಡ್ ಮುಗಿಯಿತು. ಉಳಿಸಿದ ಕೂಡಲೇ ಗುರುಪಾದಪ್ಪ ಬಗ್ಗಿ ಓದಿದರು.

"ಅಯ್ಯೋ, ಇದೆಲ್ಲ ಯಾಕ್ರೀ ಈಗ? ಊರಿನವರು ನೋಡಿದ್ರೆ ಗಲಾಟೆ. ಅಳಿಸಿಬಿಡೋಣ." ಮೌಸ್‌ಗೆ ಕೈ ಹಾಕಿದರು.

"ಅಳಿಸಿ ಸಾರ್" ಎಂದರು ಮಿಸ್. ಅವರ ದನಿ ಅಷ್ಟು ತಣ್ಣಗಿದ್ದುದನ್ನು ನಾನು ಕೇಳಿಯೇ ಇರಲಿಲ್ಲ. "ನಿಮ್ಮ ಹೆಸರಲ್ಲಿ ಲಾಗಿನ್ ಆಗಿ ಅಳಿಸಿ. ವನಿತಾ ಬರೆದಳು, ಗುರುಪಾದಪ್ಪ ಅಳಿಸಿದರು ಅಂತ ಉಳಿಯುತ್ತೆ."

ಅವರು ಕೈ ತೆಗೆದು, ಏನೋ ಗೊಣಗುತ್ತಾ ಹೊರಟುಹೋದರು. ವನಿತಾಳಿಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಬಿತ್ತು.

ಮಕ್ಕಳು ಹೋದ ಮೇಲೂ ಮಿಸ್ ಪುಟದ ಮುಂದಿನಿಂದ ಏಳಲಿಲ್ಲ. ಅಭಿರಾಮನ ಸುಳ್ಳು ಸಾಲಿನ ಪಕ್ಕದಲ್ಲಿ ಹದಿನೈದು ದಿನದ ಹಿಂದೆ ಯಾರೋ "ಭೇಷ್, ಎಂಥ ಒಗ್ಗಟ್ಟಿನ ಊರು!" ಎಂದು ಬರೆದಿದ್ದರು. ಬರೆದವರ ಹೆಸರು ಸತ್ಯವತಿ. "ಅಳಿಸಿಬಿಡ್ಲಾ ಮಿಸ್?" ಎಂದೆ.

"ಮುಚ್ಚಯ್ಯಾ ಬಾಯಿ" ಎಂದು ಗದರಿ, ಅದರ ಕೆಳಗೇ ಟೈಪ್ ಮಾಡಿದರು: "ವಿಚಾರಿಸದೆ ಹೊಗಳಿದ್ದೆ. ಕ್ಷಮಿಸು ವನಿತಾ."