ತಟ್ಟೆಯಂಚಿನ ಎರಡು ಗೊರಟು

ಊಟಕ್ಕೆ ಕರೆದವರ ಮನೆಯಿಂದ ಹಸಿದುಕೊಂಡು ಬಂದು, ಮಧ್ಯಾಹ್ನ ಮೂರು ಗಂಟೆಗೆ ಗಂಜಿ ಬೇಯಿಸಿ ಉಪ್ಪಿನಕಾಯಿ ನಂಚಿಕೊಂಡು ಉಂಡಿದ್ದೀರಾ? ನಾವು ಉಂಡಿದ್ದೇವೆ. ಹೋದ ತಿಂಗಳು, ರಜೆಯ ಶುಕ್ರವಾರ, ಮಸ್ಕತ್ತಿನ ಅಲ್ ಅಜೈಬಾದ ನಮ್ಮದೇ ಫ್ಲ್ಯಾಟಿನಲ್ಲಿ.

ಕರೆದವಳು ಯಾನಾ. ಕೆಳಗಿನ ಮನೆಯವಳು, ಚೆಕ್ ದೇಶದವಳು. (ನನ್ನ ಮಗಳ ಅಟ್ಲಾಸಿನಲ್ಲಿ ಅದು ಇನ್ನೂ ಚೆಕೊಸ್ಲೊವಾಕಿಯಾ. ದೇಶ ಎರಡು ಪಾಲಾದ ಸುದ್ದಿ ಅಟ್ಲಾಸಿಗೆ ತಲುಪಿಲ್ಲ.) ಗಂಡ ಪೀಟರ್ ಎಂಜಿನಿಯರ್. ಶಾಲೆ ಬಿಟ್ಟ ಮೇಲೆ ನನ್ನ ಮಗಳು ಶ್ರುತಿ, ನಾನು ಆಫೀಸಿನಿಂದ ಬರುವವರೆಗೆ ಇರುವುದು ಯಾನಾಳ ಹತ್ತಿರ. ಅಮ್ಮ, ಅತ್ತೆ, ಅಕ್ಕ ಎಲ್ಲರೂ ಉಡುಪಿಯಲ್ಲಿ. ಇಲ್ಲಿ ನನಗೆ ಜೀವಕ್ಕೆ ಹತ್ತಿರ ಅಂತ ಇರುವವಳು ಅವಳೊಬ್ಬಳೇ.

ಮೊದಲ ದಿನವೇ ಅವಳು ನನಗೆ ಹಿಡಿಸಿದ್ದಳು. ಬಿಳಿಯರಾದರೂ ಬಾಗಿಲಲ್ಲೇ ಬೂಟು ಬಿಚ್ಚುವವರು! ಆಹಾ, ನಮ್ಮವರೇ ಅಂದುಕೊಂಡೆ. ಮರುಕ್ಷಣ, ಅತಿಥಿಗಳಿಗೆಂದೇ ಇಟ್ಟ ಒಂದು ಜೊತೆ ಚಪ್ಪಲಿ ತಂದು, ಇದನ್ನು ಹಾಕಿಕೊಂಡು ಒಳಗೆ ಬಾ ಅಂದಳು. ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ! ನನ್ನ ಅತ್ತೆ ಕಂಡಿದ್ದರೆ? ಹಾಕಿಕೊಂಡೆ ಬಿಡಿ.

ಆ ಶುಕ್ರವಾರ ಮೇಜಿನ ಮೇಲೆ ದೊಡ್ಡ ಪಾತ್ರೆಯ ತುಂಬ ಬಿಳಿ ಉಂಡೆಗಳು. ನಾವು ಮೀನು, ಮಾಂಸ ತಿನ್ನುವವರಲ್ಲ ಎಂದು ಯಾನಾ ಬೆಳಿಗ್ಗೆಯಿಂದ ಕೂತು ಮಾಡಿದ್ದಳು. ಹೆಸರು ಕ್ನೆಡ್ಲಿಕಿ. ಹಿಟ್ಟಿನೊಳಗೆ ಇಡೀ ಏಪ್ರಿಕಾಟ್ ಹಣ್ಣು ಇಟ್ಟು, ನೀರಿನಲ್ಲಿ ಬೇಯಿಸಿ, ಮೇಲೆ ಕರಗಿಸಿದ ಬೆಣ್ಣೆ, ಸಕ್ಕರೆ, ಪುಡಿ ಮಾಡಿದ ಪನೀರಿನಂಥದ್ದು. (ಗಸಗಸೆಯನ್ನೂ ಉದುರಿಸುತ್ತಾರಂತೆ. ಗಲ್ಫಿನಲ್ಲಿ ಗಸಗಸೆ ಅಂದರೆ ಅಫೀಮಿನ ಲೆಕ್ಕ, ತರುವ ಧೈರ್ಯ ಯಾರಿಗಿದೆ?) ಹಣ್ಣು ಜೆಬೆಲ್ ಅಖ್ದರ್ ಬೆಟ್ಟದ್ದು. ಒಟ್ಟಿನಲ್ಲಿ ತಿಂಡಿ ನಮ್ಮ ಸಿಹಿ ಕಡುಬಿನ ದೂರದ ನೆಂಟ ಅನ್ನಿ.

"ದೊಬ್ರೊ ಖುತ್!" ಅಂದ ಪೀಟರ್. ಚೆನ್ನಾಗಿ ರುಚಿಸಲಿ ಎಂದು ಅರ್ಥ. ಅದನ್ನು ಹೇಳದೆ ಅವರು ಚಮಚ ಮುಟ್ಟುವುದಿಲ್ಲ.

ನಮ್ಮ ಯಜಮಾನರು ನನ್ನ ಕಿವಿಯ ಹತ್ತಿರ ತುಳುವಿನಲ್ಲಿ ಪಿಸುಗುಟ್ಟಿದರು. (ಪರದೇಶದಲ್ಲಿ ತುಳುವಿಗಿಂತ ಸೇಫ್ ಲಾಕರ್ ಇನ್ನೊಂದಿಲ್ಲ.) "ಇದು ಸುರುವಿನ ಸ್ವೀಟ್ ಮಾರಾಯ್ತಿ. ಊಟ ಇನ್ನು ಬರ್ಬೇಕಷ್ಟೆ. ಹೊಟ್ಟೆಯಲ್ಲಿ ಜಾಗ ಇಡು."

ಇಟ್ಟೆವು. ಇಬ್ಬರೂ ಎರಡೆರಡಕ್ಕೇ ನಿಲ್ಲಿಸಿದೆವು. "ಮಮ್ಮಿ, ಐ ವಾಂಟ್ ಮೋರ್" ಅಂದ ಶ್ರುತಿಯ ತೊಡೆಯನ್ನು ಮೇಜಿನಡಿಯಲ್ಲಿ ಚಿವುಟಿದೆ. ಯಾನಾ ಇನ್ನಷ್ಟು ಹಾಕಲಾ ಎಂದು ಕೇಳಿದಳು. ಸಾಕು ಸಾಕು ಎಂದು ಕೈ ಅಡ್ಡ ಹಿಡಿದೆ. ಅವಳ ಮುಖ ಸಪ್ಪಗಾಯಿತು. ಪೀಟರ್ ಮಾತ್ರ ತಿನ್ನುತ್ತಲೇ ಇದ್ದ. ತಟ್ಟೆಯ ಅಂಚಿನಲ್ಲಿ ಗೊರಟುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಹನ್ನೊಂದು! ಪಾಪ, ಬೆಳಿಗ್ಗೆ ಏನೂ ತಿಂದಿರಲಿಕ್ಕಿಲ್ಲ ಅಂದುಕೊಂಡೆ.

ಆಮೇಲೆ ಕಾದೆವು. ಅನ್ನ ಬರಲಿಲ್ಲ. ಬ್ರೆಡ್ಡೂ ಬರಲಿಲ್ಲ. ಕಾಫಿ ಬಂತು. ಕಾಫಿ ಬಂತೆಂದರೆ ಎಲೆ ಎತ್ತಿದ ಹಾಗೆಯೇ. ಮೇಲೆ ಬಂದು ಗಂಜಿಗಿಟ್ಟೆ.

ಮಾರನೆಯ ದಿನದಿಂದ ಯಾನಾ ಬದಲಾದಳು. ಶ್ರುತಿಯನ್ನು ನೋಡಿಕೊಳ್ಳುವುದು ಬಿಡಲಿಲ್ಲ. ಆದರೆ ಕರೆತರಲು ಹೋದರೆ ಒಳಗೆ ಬಾ ಎನ್ನುತ್ತಿರಲಿಲ್ಲ. ನನಗೆಂದು ಇಟ್ಟಿದ್ದ ಚಪ್ಪಲಿ ಬಾಗಿಲ ಬಳಿ ಕಾಣಲಿಲ್ಲ. ಬಾಗಿಲಲ್ಲೇ ಮಗು, ಬಾಗಿಲಲ್ಲೇ ಗುಡ್ ಈವ್ನಿಂಗ್. ಎರಡು ವಾರ ಹೀಗೆಯೇ. ನನಗೂ ಸಿಟ್ಟು ಬಂತು. ಹಸಿದವರು ನಾವು, ಮುಖ ಊದಿಸಿಕೊಂಡವಳು ಅವಳಾ? ಸಿಟ್ಟಿನ ಅಡಿಯಲ್ಲಿ ಅಳುವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಗುಟ್ಟು ಒಡೆದದ್ದು ಶ್ರುತಿ. "ಮಮ್ಮಿ, ಯು ವರ್ ಲಾಸ್ಟ್" ಅಂದಳು ಒಂದು ಸಂಜೆ. ಎಂಥದರಲ್ಲಿ ಲಾಸ್ಟ್? ಗೊರಟಿನಲ್ಲಿ! ಯಾನಾ ಆಂಟಿಯ ಊರಿನಲ್ಲಿ ಕ್ನೆಡ್ಲಿಕಿ ಮಾಡಿದ ದಿನ ಅದೇ ಊಟವಂತೆ, ಬೇರೆ ಏನೂ ಇಲ್ಲ. ತಿಂದವರೆಲ್ಲ ಕೊನೆಗೆ ಗೊರಟು ಎಣಿಸುತ್ತಾರಂತೆ. ಹೆಚ್ಚು ಗೊರಟು ಇದ್ದಷ್ಟೂ ಅಡುಗೆಯವಳಿಗೆ ಮರ್ಯಾದೆ.

ಅರ್ಧ ದಿನ ಹಿಟ್ಟು ನಾದಿದವಳ ಮುಂದೆ ನಾನು ಎರಡೇ ಗೊರಟು ಇಟ್ಟು ಎದ್ದು ಬಂದಿದ್ದೆ. ನಮ್ಮ ಮನೆಯಲ್ಲಿ ಯಾರಾದರೂ ಸಾರಿಗೇ ಎಲೆ ಮಡಚಿ ಎದ್ದರೆ ನನಗೆ ಹೇಗಾಗುತ್ತಿತ್ತು?

ಮರುದಿನ ಆಫೀಸಿನಿಂದ ನೇರ ಮತ್ರಾ ಸೂಕಿಗೆ, ಇಲ್ಲಿನ ಹಳೇ ಪೇಟೆಗೆ, ಓಡಿದೆ. "ಮಿಶ್‌ಮಿಶ್ ಖಲಾಸ್!" ಎಂದು ಹಣ್ಣಿನವ ಕೈಯಾಡಿಸಿದ. ಏಪ್ರಿಕಾಟಿನ ಕಾಲ ಮುಗಿದಿತ್ತು. ಹೊಸ ಫಸಲಿನ ಹಸಿ ಖರ್ಜೂರ ಬಂದಿತ್ತು. ಅದರೊಳಗೂ ಬೀಜ ಇದೆಯಲ್ಲ? ಎರಡು ಕಿಲೋ ಕಟ್ಟಿಸಿಕೊಂಡು ಯಾನಾಳ ಬಾಗಿಲು ತಟ್ಟಿದೆ.

"ಅದೇ ಊಟ ಅಂತ ನಮಗೆ ಗೊತ್ತಾಗಲಿಲ್ಲ ಯಾನಾ. ಅನ್ನ ಬರುತ್ತದೆ ಅಂತ ಕಾಯ್ತಾ ಇದ್ದೆವು. ಮನೆಗೆ ಹೋಗಿ ಗಂಜಿ ಮಾಡಿ ಉಂಡೆವು."

ಅವಳು ನನ್ನನ್ನು ನೋಡಿದಳು. ಖರ್ಜೂರದ ಪೊಟ್ಟಣ ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಒಳಗೆ ಹೋಗಿ ಚಪ್ಪಲಿ ತಂದು ನನ್ನ ಕಾಲ ಬುಡದಲ್ಲಿ ಇಟ್ಟಳು.

ಮೊನ್ನೆ ಶುಕ್ರವಾರ ಖರ್ಜೂರದ ಕ್ನೆಡ್ಲಿಕಿ ಆಯಿತು. ಹಿಟ್ಟು ಯಾನಾಳದ್ದು, ಉಂಡೆ ಕಟ್ಟಿದ್ದು ನಾನು. ಶ್ರುತಿಯದು ಆರು ಬೀಜ, ನನ್ನದು ಒಂಬತ್ತು. ನಮ್ಮವರು ಹದಿನಾಲ್ಕು ಬೀಜ ಸಾಲಿಟ್ಟು ಪೀಟರನನ್ನೇ ಸೋಲಿಸಿದರು. ಯಾನಾ ಚಪ್ಪಾಳೆ ತಟ್ಟಿದಳು.

ಗೆದ್ದ ಮನುಷ್ಯ ಉಸ್ಸಪ್ಪಾ ಎನ್ನುತ್ತಾ ಮೆಟ್ಟಿಲು ಹತ್ತಿ, ನಮ್ಮ ಬಾಗಿಲು ಹಾಕಿದ ಕೂಡಲೇ ಕೇಳಿದರು: "ಒಂದು ಮುಷ್ಟಿ ಅನ್ನ ಉಂಟಾ ಮಾರಾಯ್ತಿ?"

ಇತ್ತು. ಕೆಳಗೆ ಇಳಿಯುವ ಮೊದಲೇ ಕುಕ್ಕರ್ ಕೂಗಿಸಿಟ್ಟಿದ್ದೆ.